ಕರುಳಿನ ಗಡ್ಡೆ, ಹೃದಯಕ್ಕೆ ಕುತ್ತು

ಕರುಳಿನ ಗಡ್ಡೆ ಹೃದಯವನ್ನು ಕೆಡಿಸೀತೇ? 1907ರಲ್ಲಿ ಜರ್ಮನಿಯ ವೈದ್ಯ ಓಬರ್ನ್‌ಡಾರ್ಫರ್ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟ ಗಡ್ಡೆಗೆ ಆ ಶಕ್ತಿಯಿದೆ. ಇಂತಹ ಕೆಲವು ಗಡ್ಡೆಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ವಿಪರೀತವಾಗಿ ಸ್ರವಿಸುತ್ತವೆ. ಕರುಳಿನಿಂದ ಬರುವ ರಕ್ತ ಮೊದಲು ಯಕೃತ್ತನ್ನು ಹಾಯುವುದರಿಂದ ಅದರ ಬಹುಪಾಲು ಅಲ್ಲೇ ನಾಶವಾಗುತ್ತದೆ. ಗಡ್ಡೆ ಯಕೃತ್ತಿಗೂ ಹರಡಿದರೆ ಈ ಕಾವಲು ತಪ್ಪುತ್ತದೆ. ಸೆರೊಟೋನಿನ್ ಹೃದಯದ ಬಲಭಾಗಕ್ಕೆ ನುಗ್ಗುತ್ತದೆ. ಅಲ್ಲಿನ ಎರಡು ಕವಾಟಗಳು ಕ್ರಮೇಣ ದಪ್ಪಗಾಗಿ, ಬಿರುಸಾಗಿ, ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಕಾಲು, ಹೊಟ್ಟೆ ಊದಿಕೊಳ್ಳುತ್ತವೆ. ಎಡಭಾಗ ಸಾಮಾನ್ಯವಾಗಿ ಪಾರಾಗುತ್ತದೆ. ಏಕೆಂದರೆ ನಡುವೆ ಶ್ವಾಸಕೋಶಗಳು ಸೆರೊಟೋನಿನ್ನನ್ನು ನಿಷ್ಕ್ರಿಯಗೊಳಿಸುತ್ತವೆ.

ಈ ರೋಗ ಅಪರೂಪ. ಆದರೂ ಕಾರಣವಿಲ್ಲದೆ ಪದೇ ಪದೇ ಮುಖ ಕೆಂಪೇರುವುದು, ಬಹುದಿನ ನಿಲ್ಲದ ಭೇದಿ ಕಂಡರೆ ವೈದ್ಯರಿಗೆ ತೋರಿಸಬೇಕು. ಮೂತ್ರ ಪರೀಕ್ಷೆ, ಹೃದಯದ ಎಕೋ ಪರೀಕ್ಷೆಗಳಿಂದ ತೊಂದರೆ ಬೇಗ ತಿಳಿದರೆ, ಔಷಧಿಯಿಂದ ಸ್ರಾವವನ್ನು ತಗ್ಗಿಸಬಹುದು; ಕೆಟ್ಟ ಕವಾಟವನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಲೂಬಹುದು.