"ಉತ್ತರಕ್ಕೆ, ಸಾರ್!"

ಮಕ್ಕಳೇ, ಕೊಟ್ಟೂರಿನಲ್ಲಿ ಒಮ್ಮೆ ವಿಜ್ಞಾನ ರಸಪ್ರಶ್ನೆ ನಡೆಸುವಾಗ ನಾನೊಂದು ತಪ್ಪು ಮಾಡಿದೆ. "ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದಾರಿ ಯಾವ ದಿಕ್ಕಿಗೆ ಹೊರಡುತ್ತದೆ?" ಎಂದು ಕೇಳಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು "ಉತ್ತರಕ್ಕೆ, ಸಾರ್" ಎಂದಳು. ಎಲ್ಲರೂ ನಕ್ಕರು. ನನ್ನ ಹಾಳೆಯಲ್ಲಿ "ಪಶ್ಚಿಮ" ಎಂದಿತ್ತು. ಸೊನ್ನೆ ಹಾಕಿದೆ. ಆ ಒಂದು ಅಂಕದಿಂದಲೇ ಅವಳ ತಂಡ ಸೋತಿತು.

ಮನೆಗೆ ಬಂದು ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ಆಫ್ರಿಕದ ಕಡೆ ಹೋಗಲೇ ಇಲ್ಲ! ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ, ಹಿಮಾಲಯ, ಚೀನಾ, ಸೈಬೀರಿಯ ದಾಟಿ ಅಲಾಸ್ಕದ ಮೇಲಿಂದ ಇಳಿಯಿತು. ಗೋಡೆಯ ನಕಾಶೆಯಲ್ಲಿ ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರ ದಾಟುತ್ತದೆ. ನಾನು ನಂಬಿದ್ದು ಈ ಗೆರೆಯನ್ನು. ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಹರಡಿದಾಗ ಹತ್ತಿರದ ದಾರಿ ದೂರದ್ದಾಗಿ ಕಾಣುತ್ತದೆ.

ದೂರ ಎಷ್ಟು? ಭೂಮಧ್ಯರೇಖೆಯ ಸುತ್ತ ದಾರ ಸುತ್ತಿ ಅಳೆಯಿರಿ. ಅದು 40,000 ಕಿ.ಮೀ.ಗೆ ಸಮ. ನಿಮ್ಮ ಎರಡು ಊರುಗಳ ದಾರ ಅದರ ಸುಮಾರು 35 ಪಾಲು ನೂರರಲ್ಲಿ, ಅಂದರೆ 14,000 ಕಿ.ಮೀ. ಹತ್ತಿರ ಬರುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳಾ ಪೈಲಟ್‌ಗಳೇ, ಅದನ್ನು ಉತ್ತರ ಧ್ರುವದ ಕಡೆಯಿಂದ ಹಾರಿಸಿ ತಂದರು. ಆಗ ಕ್ರಮಿಸಿದ ದೂರ ಸುಮಾರು 16,000 ಕಿ.ಮೀ. ದಾರದ ದೂರಕ್ಕಿಂತ ಹೆಚ್ಚು! ಏಕೆಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವೊಮ್ಮೆ ಬಳಸುದಾರಿಯೇ ಲಾಭ.

ಸಮಯದ ಲೆಕ್ಕ ಇನ್ನೂ ಸ್ವಾರಸ್ಯ. ವೇಳಾಪಟ್ಟಿಯಂತೆ ಹೊರಡುವುದು ಅಲ್ಲಿನ ಗಡಿಯಾರದಲ್ಲಿ 9ನೇ ತಾರೀಖು ರಾತ್ರಿ 8.30ಕ್ಕೆ, ಇಳಿಯುವುದು ಇಲ್ಲಿನ ಗಡಿಯಾರದಲ್ಲಿ 11ನೇ ತಾರೀಖು ಬೆಳಗಿನ ಜಾವ 3.45ಕ್ಕೆ. ಕೂಡಿದರೆ 31 ಗಂಟೆ 15 ನಿಮಿಷ. ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ 13 ಗಂಟೆ 30 ನಿಮಿಷ ಮುಂದು. ಕಳೆದರೆ 17 ಗಂಟೆ 45 ನಿಮಿಷ.

ನಮ್ಮಲ್ಲೂ ಹಾಗೆಯೇ ಅಲ್ಲವೇ? ಹರಪನಹಳ್ಳಿಯಿಂದ ಕೊಟ್ಟೂರಿಗೆ ದೂರ ಎಂದೂ ಬದಲಾಗದು. ಗುರುಬಸವೇಶ್ವರರ ತೇರಿನ ದಿನ ಅದೇ ಬಸ್ಸು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಕೇಳಿ ನೋಡಿ!

ನನ್ನ ಅಭಿಪ್ರಾಯ ಇಷ್ಟು: ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಯಾವ ಊರಿನ ಶಾಲೆಯಾದರೂ ಸರಿ, ಗೋಳ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರಬಾರದು. ಬಣ್ಣ ಹೋಗುತ್ತದೆಂದು ಶಿಕ್ಷಕರು ಹೆದರುತ್ತಾರೆ, ಹೋಗಲಿ. ಉತ್ತರ ಹೇಳಿದ ಮಗುವನ್ನು "ಹೇಗೆ ಗೊತ್ತಾಯಿತು?" ಎಂದು ಕೇಳದೆ ಸೊನ್ನೆ ಹಾಕಲೂಬಾರದು. ಇದು ಮೊದಲು ನನಗೇ ಅನ್ವಯಿಸುವ ಮಾತು.

ಮುಂದಿನ ವಾರ ಅವಳ ಶಾಲೆಗೆ ಹೋಗಿ, ತರಗತಿಯ ಎದುರೇ ತಪ್ಪು ನನ್ನದೆಂದು ಹೇಳಿ, ದಾರ ಅವಳ ಕೈಗೆ ಕೊಟ್ಟೆ. ಅವಳು ಎಳೆದು ನೋಡಿ, "ಸಾರ್, ಹಂಗಾದ್ರೆ ಹೋಗೋ ದಾರಿ ಬರೋ ದಾರಿ ಬೇರೆ ಬೇರೆನಾ?" ಎಂದಳು.