ತಲೆ ಮೇಲೆ ಹಾಕ್ ವಿಮಾನ, ಕೈಯಲ್ಲಿ ಸಾಲದ ಅರ್ಜಿ: ಪೈಲಟ್ ಆಗೋಕೆ ನಿಜವಾಗಿ ಏನೇನು ಬೇಕು?

ನೌಬಾದ (ಬೀದರ್): ಬೀದರ್ ಮಂದಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ಇಲ್ಲಿ. 2008ರಿಂದ ಹಾಕ್ ತರಬೇತಿ ವಿಮಾನಗಳು ಇದೇ ಊರಿನ ಮೇಲೆ ಹಾರುತ್ತಿವೆ. 2020ರ ಫೆಬ್ರುವರಿಯಲ್ಲಿ ನಾಗರಿಕ ಟರ್ಮಿನಲ್ ಶುರುವಾಯಿತು. ಬೆಂಗಳೂರು ವಿಮಾನ ನಿಲ್ಲುತ್ತಾ, ಶುರುವಾಗುತ್ತಾ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿತು. ಇದನ್ನೆಲ್ಲ ನೋಡುತ್ತಾ ಬೆಳೆದ ಹುಡುಗ ಹುಡುಗಿಯರು ಪಿಯುಸಿ ಮುಗಿಯುತ್ತಿದ್ದಂತೆ ಮನೆಯಲ್ಲಿ ಒಂದು ಮಾತು ತೆಗೀತಾರೆ: "ಪೈಲಟ್ ಆಗಬೇಕಂದ್ರ ಎಷ್ಟು ರೊಕ್ಕ ಬೇಕಾಗ್ತದ?"

ಉತ್ತರ ಕೊಡೋಕೆ ಮೊಬೈಲ್‌ನಲ್ಲಿ ಜಾಹೀರಾತುಗಳು ಸಾಲುಗಟ್ಟಿ ನಿಂತಿವೆ. "ದೇಶಕ್ಕೆ 30 ಸಾವಿರ ಪೈಲಟ್ ಬೇಕು, ಇವತ್ತೇ ಸೇರಿ" ಅನ್ನೋದು ಎಲ್ಲದರ ಸಾರಾಂಶ. ಮುಂದಿನ 15-20 ವರ್ಷಗಳಲ್ಲಿ 30 ಸಾವಿರ ಪೈಲಟ್‌ಗಳು ಬೇಕಾಗುತ್ತಾರೆ ಎಂದು ಕೇಂದ್ರ ವಿಮಾನಯಾನ ಸಚಿವರು ಹೇಳಿದ್ದು ನಿಜ. ಪೈಲಟ್‌ಗಳ ವಿಶ್ರಾಂತಿ ನಿಯಮ ಬಿಗಿಯಾದ ಮೇಲೆ 2025ರ ಡಿಸೆಂಬರ್‌ನಲ್ಲಿ ಇಂಡಿಗೊ ಸಾವಿರಾರು ವಿಮಾನ ರದ್ದು ಮಾಡಿದ್ದೂ ನಿಜ. ಆದರೆ ಈ ಎರಡು ಸುದ್ದಿ ನಂಬಿ ಹೊಲ ಮಾರುವ ಮುನ್ನ ಲೆಕ್ಕ ಸರಿಯಾಗಿ ತಿಳಿದುಕೊಳ್ಳಬೇಕು.

ಲೈಸೆನ್ಸ್‌ಗೆ ಏನು ಬೇಕು?

ಸಂಬಳಕ್ಕೆ ವಿಮಾನ ಓಡಿಸಬೇಕಾದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಬೇಕು. ಕೊಡುವುದು ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ಕೋರ್ಸ್ ಮಾಡಿಸುವ ಸಂಸ್ಥೆ ಲೈಸೆನ್ಸ್ ಕೊಡುವುದಿಲ್ಲ, ಇದು ಮೊದಲು ಗೊತ್ತಿರಲಿ.

- ವಯಸ್ಸು: ವಿದ್ಯಾರ್ಥಿ ಪೈಲಟ್ ಲೈಸೆನ್ಸ್‌ಗೆ 16, ಸಿಪಿಎಲ್‌ಗೆ 18 ತುಂಬಿರಬೇಕು.
- ಓದು: ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು.
- ಹಾರಾಟ: ಒಟ್ಟು 200 ಗಂಟೆ. ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ ಕುಳಿತು ಹಾರಿಸಿರಬೇಕು. ಊರಿಂದ ಊರಿಗೆ ದೂರದ ಹಾರಾಟ, ಬರೀ ಉಪಕರಣ ನೋಡಿ ಹಾರಿಸುವುದು, ರಾತ್ರಿ ಹಾರಾಟ ಎಲ್ಲಕ್ಕೂ ಬೇರೆ ಬೇರೆ ಗಂಟೆಗಳಿವೆ.
- ಪರೀಕ್ಷೆ: ವಾಯು ನಿಯಮ, ನ್ಯಾವಿಗೇಷನ್, ಹವಾಮಾನ, ವಿಮಾನದ ತಾಂತ್ರಿಕ ವಿಷಯ. ಪಾಸಾಗೋಕೆ 70 ಅಂಕ ಬೇಕು, 35ಕ್ಕೆ ಇಲ್ಲಿ ಬೆಲೆಯಿಲ್ಲ. ಜೊತೆಗೆ ರೇಡಿಯೊದಲ್ಲಿ ಮಾತಾಡುವ ಪರೀಕ್ಷೆ ಬೇರೆ.
- ಆರೋಗ್ಯ: ಶುರುವಿಗೆ ಕ್ಲಾಸ್ 2 ಮೆಡಿಕಲ್, ಸಿಪಿಎಲ್‌ಗೆ ಕ್ಲಾಸ್ 1 ಮೆಡಿಕಲ್.

ಇಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಎಡವುವ ಜಾಗ ಎರಡು. ಮೊದಲನೆಯದು ಗಣಿತ. ಬೀದರ್‌ನಲ್ಲಿ ನೀಟ್ ತಯಾರಿಯ ಗಾಳಿ ಜೋರು. ಡಾಕ್ಟರ್ ಆಗಲಿ ಎಂದು ಗಣಿತ ಬಿಟ್ಟು ಓದಿದವರಿಗೆ ಆಮೇಲೆ ಪೈಲಟ್ ಬಾಗಿಲು ಮುಚ್ಚಿರುತ್ತದೆ. ಕಾಮರ್ಸ್, ಆರ್ಟ್ಸ್ ಓದಿದವರ ಕಥೆಯೂ ಅದೇ. ಹಾಗಂತ ಎಲ್ಲ ಮುಗೀತು ಅಂತಲ್ಲ. ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಮೂಲಕ ಈ ಎರಡು ವಿಷಯ ಬರೆದು ಪಾಸಾಗಬಹುದು. ವಿಜ್ಞಾನದ ಷರತ್ತನ್ನೇ ತೆಗೆಯುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂತು. ಪ್ರಸ್ತಾವವೇ ನಿಯಮ ಎಂದು ಹೇಳಿ ಅಡ್ವಾನ್ಸ್ ಕೇಳುವವರಿದ್ದರೆ ಹುಷಾರು.

ಎರಡನೆಯದು ಮೆಡಿಕಲ್. ಫೀಸ್ ಕಟ್ಟಿ, 50 ಗಂಟೆ ಹಾರಿದ ಮೇಲೆ ಕ್ಲಾಸ್ 1ರಲ್ಲಿ ತೊಂದರೆ ಬಂದರೆ ಹೋದ ಹಣ ಹೋದ ಹಾಗೆಯೇ. ಕನ್ನಡಕ ಇದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಕನ್ನಡಕ ಹಾಕಿದ ಮೇಲೆ ದೃಷ್ಟಿ ಸರಿ ಇರಬೇಕು ಅಷ್ಟೆ. ಬಣ್ಣ ಗುರುತಿಸುವ ತೊಂದರೆ, ಕಿವಿ, ಹೃದಯ, ಫಿಟ್ಸ್ ಇತಿಹಾಸ ಇವೆಲ್ಲ ದೊಡ್ಡ ವಿಷಯ. ಕ್ಲಾಸ್ 2 ಮಾಡುವ ಡಿಜಿಸಿಎ ಮಾನ್ಯತೆಯ ವೈದ್ಯರು ಹೈದರಾಬಾದ್‌ನಲ್ಲೇ ಸಿಗುತ್ತಾರೆ. ಕ್ಲಾಸ್ 1ಕ್ಕೆ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕೇಂದ್ರಗಳಿವೆ. ಮೊದಲು ಮೆಡಿಕಲ್, ಆಮೇಲೆ ಫೀಸ್. ಈ ಕ್ರಮ ತಪ್ಪಿಸಬಾರದು.

ರೊಕ್ಕದ ಲೆಕ್ಕ

ದೇಶದೊಳಗೆ ಸಿಪಿಎಲ್‌ಗೆ ಸಾಮಾನ್ಯವಾಗಿ 45ರಿಂದ 60 ಲಕ್ಷ ರೂಪಾಯಿ ಆಗುತ್ತದೆ. ಊಟ, ವಸತಿ, ಮತ್ತೆ ಬರೆಯುವ ಪರೀಕ್ಷೆ ಬೇರೆ. ಅಲ್ಲಿಗೆ ಮುಗಿಯುವುದಿಲ್ಲ. ತರಬೇತಿ ಆಗೋದು ಸಣ್ಣ ವಿಮಾನದಲ್ಲಿ. ಏರ್‌ಬಸ್ 320 ಅಥವಾ ಬೋಯಿಂಗ್ 737 ಓಡಿಸಬೇಕಾದರೆ 'ಟೈಪ್ ರೇಟಿಂಗ್' ಎಂಬ ಇನ್ನೊಂದು ತರಬೇತಿ ಬೇಕು, ಅದಕ್ಕೆ ಮತ್ತೆ ಹತ್ತಾರು ಲಕ್ಷ. ಏರ್‌ಲೈನ್ ಕಂಪನಿಗಳೇ ನಡೆಸುವ ಕ್ಯಾಡೆಟ್ ಯೋಜನೆ ಸೇರಿದರೆ ಒಟ್ಟು ಖರ್ಚು ಒಂದು ಕೋಟಿಯ ಹತ್ತಿರ ಹೋಗುತ್ತದೆ.

ಸಾಲ ಮಾಡ್ತೀವಿ ಅನ್ನುವವರು ಇದನ್ನು ನೋಡಿ. 50 ಲಕ್ಷ ಸಾಲ, ಶೇ 10 ಬಡ್ಡಿ, 10 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 66 ಸಾವಿರ ರೂಪಾಯಿ. ಓದುವ ಕಾಲದ ಬಡ್ಡಿಯೇ ವರ್ಷಕ್ಕೆ 5 ಲಕ್ಷದಂತೆ ಬೆಳೆಯುತ್ತಾ ಹೋಗುತ್ತದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕ್ ಆಸ್ತಿ ಅಡಮಾನ ಕೇಳುತ್ತದೆ. ಬಹಳಷ್ಟು ಬ್ಯಾಂಕುಗಳು ಹೊಲವನ್ನು ಒಪ್ಪುವುದಿಲ್ಲ. ಮನೆ, ಎನ್‌ಎ ಪ್ಲಾಟ್ ಅಥವಾ ಎಫ್‌ಡಿ ಕೇಳುತ್ತವೆ. ಅದಕ್ಕೇ ಭಾಲ್ಕಿ, ಔರಾದ ಕಡೆಯ ರೈತ ಕುಟುಂಬಕ್ಕೆ ಉಳಿಯುವ ದಾರಿ ಹೊಲ ಮಾರುವುದೊಂದೇ. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ ನಡೆಸುವವರಿಗೆ ಅಂಗಡಿ ಮಳಿಗೆಯೇ ಅಡವು. ಮಗ ಫೇಲಾದರೆ ಬರೀ ಒಂದು ವರ್ಷ ಹೋಗಲ್ಲ, ದುಡಿಮೆಯ ಜಾಗವೇ ಹೋಗುತ್ತದೆ.

ಕೊರತೆ ಯಾರದು?

ಜಾಹೀರಾತು ಹೇಳದ ಮಾತು ಇದು. ಏರ್‌ಲೈನ್‌ಗಳಿಗೆ ತುರ್ತಾಗಿ ಬೇಕಿರುವುದು ಅನುಭವಿ ಕ್ಯಾಪ್ಟನ್‌ಗಳು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1,500 ಗಂಟೆ ಹಾರಾಟ ಬೇಕು. 200 ಗಂಟೆ ಹಾರಿ ಹೊಸದಾಗಿ ಹೊರಬಂದವರು ಕೋ-ಪೈಲಟ್ ಸೀಟಿಗಾಗಿ ಸಾಲಿನಲ್ಲಿ ನಿಲ್ಲಬೇಕು. 2023ರಲ್ಲಿ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿತು, ಅಲ್ಲಿಯವರೆಗಿನ ದಾಖಲೆ ಅದು. ಹೀಗೆ ವರ್ಷ ವರ್ಷ ಹೊರಬರುವವರಲ್ಲಿ ಎಲ್ಲರಿಗೂ ಕೂಡಲೇ ನೌಕರಿ ಸಿಗುವುದಿಲ್ಲ. ಕೆಲವರು ವರ್ಷಗಟ್ಟಲೆ ಕಾಯುತ್ತಾರೆ. ಕಾಯುವ ಕಾಲದಲ್ಲೂ ಲೈಸೆನ್ಸ್ ಜೀವಂತ ಇಡೋಕೆ ಹಾರಾಟ, ಮೆಡಿಕಲ್ ಖರ್ಚು ನಿಲ್ಲಲ್ಲ.

ಕೊರತೆ ಇದೆ ಅನ್ನೋದೂ ಸತ್ಯ, ನಿರುದ್ಯೋಗಿ ಪೈಲಟ್ ಇದ್ದಾರೆ ಅನ್ನೋದೂ ಸತ್ಯ. ಅನುಭವಿ ಡ್ರೈವರ್ ಸಿಗಲ್ಲ ಎಂದು ಲಾರಿ ಮಾಲೀಕ ಗೋಳಾಡುತ್ತಿದ್ದರೂ ನಿನ್ನೆ ಲೈಸೆನ್ಸ್ ತೆಗೆದ ಹುಡುಗನ ಕೈಗೆ ಲಾರಿ ಕೊಡುವುದಿಲ್ಲ. ಇಲ್ಲೂ ಹಾಗೆಯೇ.

ಎಲ್ಲಿ ಕಲಿಯಬೇಕು?

ಬೀದರ್ ರನ್‌ವೇ ವಾಯುಪಡೆಯದು. ಇಲ್ಲಿ ಖಾಸಗಿ ಹಾರಾಟ ಶಾಲೆ ಬರುವುದು ಸುಲಭದ ಮಾತಲ್ಲ. ಹತ್ತಿರದ್ದು ಕಲಬುರಗಿ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿ ಮತ್ತು ಬೆಳಗಾವಿ ಎರಡೂ ಇದ್ದವು. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಶಾಲೆಯಿದೆ. ಕೇಂದ್ರ ಸರ್ಕಾರದ ಇಗ್ರುವಾ ಇರುವುದು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಮೀಸಲಾತಿ ಸೀಟುಗಳೂ ಇವೆ.

ಶಾಲೆಗಳ ಗುಣಮಟ್ಟ ಹೇಗಿದೆ? ಡಿಜಿಸಿಎ 2025ರ ಅಕ್ಟೋಬರ್‌ನಲ್ಲಿ ಮೊದಲ ಸಲ ದೇಶದ ಹಾರಾಟ ಶಾಲೆಗಳಿಗೆ ದರ್ಜೆ ಕೊಟ್ಟಿತು. 'ಎ ಪ್ಲಸ್' ಆಗಲಿ 'ಎ' ಆಗಲಿ ಒಂದು ಶಾಲೆಗೂ ಸಿಗಲಿಲ್ಲ. ಎಲ್ಲ 'ಬಿ' ಮತ್ತು 'ಸಿ'ಯಲ್ಲೇ ನಿಂತವು. ಹೀಗಾಗಿ ಬ್ರೋಷರ್‌ನಲ್ಲಿರುವ ಫೋಟೊ ನೋಡಬೇಡಿ. ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಎಷ್ಟು ಬೋಧಕರಿದ್ದಾರೆ, ಹೋದ ಬ್ಯಾಚ್ 200 ಗಂಟೆ ಮುಗಿಸೋಕೆ ಎಷ್ಟು ತಿಂಗಳು ತಗೊಂಡಿತು, ಈ ಮೂರು ಪ್ರಶ್ನೆ ಕೇಳಿ. ಓದುತ್ತಿರುವ ಹುಡುಗರನ್ನೇ ಕೇಳಿದರೆ ಇನ್ನೂ ಒಳ್ಳೇದು. ಫೀಸ್ ಒಂದೇ ಸಲ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕಟ್ಟಿ. ವಿದೇಶದಲ್ಲಿ ಕಲಿತು ಬಂದರೂ ಇಲ್ಲಿನ ಡಿಜಿಸಿಎ ಪರೀಕ್ಷೆ ಬರೆದೇ ಲೈಸೆನ್ಸ್ ಬದಲಿಸಿಕೊಳ್ಳಬೇಕು.

ನೂರು ರೂಪಾಯಿಯ ದಾರಿ

ಬೀದರ್ ಆಕಾಶದಲ್ಲಿ ಹಾಕ್ ಓಡಿಸುವ ಯುವ ಅಧಿಕಾರಿಗಳು ತರಬೇತಿಗೆ ಮನೆಯಿಂದ ಲಕ್ಷಗಟ್ಟಲೆ ಕಟ್ಟಿ ಬಂದವರಲ್ಲ. ಪಿಯುಸಿ ಮೇಲೆ ಎನ್‌ಡಿಎ ಪರೀಕ್ಷೆ ಇದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಅರ್ಜಿ ಶುಲ್ಕ 100 ರೂಪಾಯಿ. ಎಸ್‌ಸಿ, ಎಸ್‌ಟಿ ಮತ್ತು ಮಹಿಳೆಯರಿಗೆ ಅದೂ ಇಲ್ಲ. 2022ರಿಂದ ಹುಡುಗಿಯರಿಗೂ ಎನ್‌ಡಿಎ ಬಾಗಿಲು ತೆರೆದಿದೆ. ಡಿಗ್ರಿ ಆದವರಿಗೆ ಎಎಫ್‌ಸಿಎಟಿ ಇದೆ, ವರ್ಷಕ್ಕೆ ಎರಡು ಸಲ, ಹಾರಾಟ ವಿಭಾಗಕ್ಕೆ ವಯಸ್ಸು 20ರಿಂದ 24. ಎನ್‌ಸಿಸಿ ಏರ್ ವಿಂಗ್‌ನ ಸಿ ಸರ್ಟಿಫಿಕೇಟ್ ಇದ್ದವರಿಗೆ ಬೇರೆ ಪ್ರವೇಶವೂ ಉಂಟು. ತರಬೇತಿ ಪೂರ್ತಿ ಉಚಿತ, ಹೈದರಾಬಾದ್ ಪಕ್ಕದ ದುಂಡಿಗಲ್‌ನಲ್ಲಿ. ಕೊನೆಯ ಹಂತದಲ್ಲಿ ತಿಂಗಳಿಗೆ 56,100 ರೂಪಾಯಿ ಭತ್ಯೆ.

ಸುಲಭವೇ? ಅಲ್ಲ. ಲಕ್ಷಗಟ್ಟಲೆ ಮಂದಿ ಬರೀತಾರೆ, ಕೆಲವೇ ನೂರು ಮಂದಿ ಆಯ್ಕೆಯಾಗ್ತಾರೆ. ಪೈಲಟ್ ಸಾಮರ್ಥ್ಯದ ಕಂಪ್ಯೂಟರ್ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಇನ್ನೊಂದು ಮಾತು: 371(ಜೆ) ಪ್ರಮಾಣಪತ್ರ ರಾಜ್ಯದ ಸೀಟು, ನೌಕರಿಗೆ ಮಾತ್ರ. ಎನ್‌ಡಿಎಗೂ ಡಿಜಿಸಿಎಗೂ ಅದು ನಡೆಯಲ್ಲ. ಆದರೆ ಇಲ್ಲಿ ಸೋತರೆ ಹೊಲ ಹೋಗಲ್ಲ. ತಯಾರಿಯ ಇಂಗ್ಲಿಷ್, ಗಣಿತ ಬೇರೆ ಪರೀಕ್ಷೆಗೂ ಬರುತ್ತದೆ.

ಡ್ರೋನ್ ಪೈಲಟ್ ಅಂದರೆ?

ಹತ್ತನೇ ತರಗತಿ ಪಾಸು, 18 ವರ್ಷ ತುಂಬಿದ್ದರೆ ಡಿಜಿಸಿಎ ಮಾನ್ಯತೆಯ ಕೇಂದ್ರದಲ್ಲಿ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆಯಬಹುದು. ಖರ್ಚು ಸಾವಿರಗಳಲ್ಲಿ, ದಿನಗಳೂ ಕಡಿಮೆ. ತೊಗರಿ, ಸೋಯಾ ಹೊಲಕ್ಕೆ ಔಷಧಿ ಸಿಂಪಡಿಸುವ ಕೆಲಸಕ್ಕೆ ಇದು ಸಾಕು. ಸ್ವಸಹಾಯ ಗುಂಪಿನ ಮಹಿಳೆಯರಿಗೆ ಕೇಂದ್ರದ ಡ್ರೋನ್ ದೀದಿ ಯೋಜನೆಯಲ್ಲಿ ಶೇ 80ರಷ್ಟು, ಗರಿಷ್ಠ 8 ಲಕ್ಷ ನೆರವೂ ಇದೆ.

ಮದುವೆ ಶೂಟಿಂಗ್ ಮಾಡುವ ಫೋಟೊ ಸ್ಟುಡಿಯೊದವರು ಗಮನಿಸಬೇಕು. ದುಡಿಮೆಗೆ ಬಳಸುವ ಡ್ರೋನ್ 250 ಗ್ರಾಂ ದಾಟಿದರೆ ಸರ್ಟಿಫಿಕೇಟ್ ಬೇಕೇ ಬೇಕು. ನಮ್ಮೂರಲ್ಲಿ ವಾಯುಪಡೆ ನೆಲೆ ಇರುವುದರಿಂದ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ನೌಬಾದ ಇರಲಿ, ಚಿದ್ರಿ ಇರಲಿ, ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ವಲಯ ನೋಡಿಯೇ ಮೇಲೆ ಬಿಡಬೇಕು.

ಕೊನೆಗೆ

ಪೈಲಟ್ ಕೆಲಸ ಶ್ರೀಮಂತರ ಮಕ್ಕಳಿಗೆ ಮಾತ್ರ ಅನ್ನೋದು ತಪ್ಪು. ರೊಕ್ಕ ಕಟ್ಟಿದರೆ ಸಾಕು ಅನ್ನೋದು ಅದಕ್ಕಿಂತ ದೊಡ್ಡ ತಪ್ಪು. ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಆಸೆ ಇದ್ದರೆ ಗಣಿತ ಬಿಡಿಸಬೇಡಿ. ಮೊದಲ ಪ್ರಯತ್ನ ಎನ್‌ಡಿಎ ಕಡೆಗಿರಲಿ. ಸಿಪಿಎಲ್ ಅಂತ ಹೊರಟರೆ ಕ್ಲಾಸ್ 1 ಮೆಡಿಕಲ್ ಕೈಗೆ ಬಂದ ಮೇಲೆಯೇ ಶಾಲೆ ನೋಡಿ. ಕೆಲಸ ಸಿಗೋಕೆ ಎರಡು ವರ್ಷ ತಡವಾದರೂ ಕಂತು ಕಟ್ಟುವ ಶಕ್ತಿ ಮನೆಗೆ ಇದೆಯಾ ಎಂದು ಮನೆ ಮಂದಿಯೆಲ್ಲ ಕೂತು ಲೆಕ್ಕ ಹಾಕಿ. ಇಲ್ಲ ಅನ್ನುವುದಾದರೆ ಹೊಲ, ಅಂಗಡಿ ಮುಟ್ಟಬೇಡಿ.