ಮಾವೋ? ಪರಂಗಿಯೋ?

ಕಳೆದ ಶನಿವಾರ ಮೊಮ್ಮಗಳ ಶಾಲೆಗೆ ಹೋಗಿದ್ದೆ. 4ನೇ ತರಗತಿಯಲ್ಲಿ ಅಂದು ಹಣ್ಣಿನ ಪಾಠ. ಪ್ರತಿ ಮಗುವೂ ಒಂದು ಹಣ್ಣು ತರಬೇಕು, ಜೊತೆಗೆ ಅಜ್ಜನನ್ನೋ ಅಜ್ಜಿಯನ್ನೋ ಕರೆತರಬೇಕು. ಒಂದು ಬಾದಾಮಿ ಮಾವಿನಹಣ್ಣು ಹಿಡಿದು ನಾನೂ ಹೊರಟೆ.

ಯಾರಿಗೆ ಯಾವ ಹಣ್ಣು ಮೈಗೆ ಆಗುವುದಿಲ್ಲ ಎಂದು ಮಿಸ್ ಮೊದಲೇ ಕೇಳಿ ಬರೆದುಕೊಂಡಿದ್ದರು. ಮಕ್ಕಳು ಕೈ ತೊಳೆದು ಬಂದು ಹಣ್ಣುಗಳನ್ನು ಮುಟ್ಟಿದರು, ಮೂಸಿದರು. ಸಿಪ್ಪೆ ಸಮೇತ ಕಿತ್ತಳೆಯನ್ನು ಬಕೆಟ್ಟಿನ ನೀರಿಗೆ ಹಾಕಿದರೆ ತೇಲಿತು. ಸುಲಿದು ಹಾಕಿದರೆ ಮುಳುಗಿತು! ಸಿಪ್ಪೆಯಲ್ಲಿರುವ ಗಾಳಿಯೇ ಅದನ್ನು ತೇಲಿಸುವುದಂತೆ.

ಆಮೇಲೆ ಕಣ್ಣು ಕಟ್ಟಿಕೊಂಡು ತಿಂದು ಹಣ್ಣಿನ ಹೆಸರು ಹೇಳುವ ಆಟ. ಮೊದಲ ಸರದಿ ನನ್ನದೇ. ಬಾಯಿಗೆ ಒಂದು ಹೋಳು ಬಿತ್ತು. ಮೆತ್ತಗಿತ್ತು, ಸಿಹಿಯಾಗಿತ್ತು. "ಪರಂಗಿ" ಎಂದೆ. ತರಗತಿಯೆಲ್ಲ ಗೊಳ್ಳೆಂದಿತು. ಅದು ನಾನೇ ತಂದಿದ್ದ ಮಾವು!

"ನಗಬೇಡಿ. ಈಗ ನೀವು ಮೂಗು ಹಿಡಿದುಕೊಂಡು ತಿಂದು ಹೇಳಿ" ಎಂದರು ಮಿಸ್. ನಕ್ಕವರೆಲ್ಲ ತಡವರಿಸಿದರು. ಮೂಗು ಬಿಟ್ಟ ಕೂಡಲೇ "ಓ, ಮಾವು!" ಎಂದು ಕೂಗಿದರು. ಸಿಹಿ, ಹುಳಿ, ಉಪ್ಪು, ಕಹಿ ಇವು ನಾಲಿಗೆಗೆ ತಿಳಿಯುತ್ತವೆ. ಆದರೆ ಮಾವನ್ನು ಮಾವು ಎಂದು ಗುರುತಿಸಲು ಪರಿಮಳ ಬೇಕು. ನಾವು ಅಗಿಯುವಾಗ ಅದು ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ.

ದಾರಿಯಲ್ಲಿ ಮೊಮ್ಮಗಳು ಸುಮ್ಮನಿದ್ದಳು. ಮನೆ ಹತ್ತಿರವಾದಾಗ ಕೇಳಿದಳು: "ತಾತ, ನೀನು ಮೂಗು ಹಿಡ್ಕೊಂಡಿರಲಿಲ್ಲ ಅಲ್ವಾ?"

ಸಿಕ್ಕಿಬಿದ್ದೆ. ಎರಡು ವರ್ಷದ ಹಿಂದೆ ಜ್ವರ ಬಂದು ಹೋದಾಗಿನಿಂದ ನನಗೆ ವಾಸನೆ ತಿಳಿಯುತ್ತಿಲ್ಲ. ವಯಸ್ಸಾಯಿತಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಸೊಸೆ "ಸಾರು ಹೇಗಿದೆ ಮಾವ?" ಎಂದರೆ "ಘಮಘಮ ಅಂತಿದೆಯಮ್ಮ" ಎನ್ನುತ್ತಿದ್ದೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೊರಡದವನು, ಮನೆಯಲ್ಲಿ ಸುಳ್ಳು ಲೆಕ್ಕ ಬರೆಯುತ್ತಿದ್ದೆ.

"ಮಧ್ಯಾಹ್ನ ನೀನೊಬ್ಬನೇ ಇರ್ತೀಯ. ಗ್ಯಾಸ್ ಸೋರಿದ್ರೆ ನಿಂಗೆ ಹೇಗೆ ಗೊತ್ತಾಗುತ್ತೆ?"

ನನ್ನ ಬಳಿ ಉತ್ತರವಿರಲಿಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಅಷ್ಟಾಗಿ ಇರುವುದಿಲ್ಲ. ಸೋರಿದರೆ ತಿಳಿಯಲಿ ಎಂದೇ ಅದಕ್ಕೆ ಕೆಟ್ಟ ವಾಸನೆ ಬೆರೆಸುತ್ತಾರೆ. ಆ ಎಚ್ಚರಿಕೆ ನನ್ನ ಮೂಗಿಗೆ ತಲುಪುವುದೇ ಇಲ್ಲ! ದಿನಾ ಮೂರು ಗಂಟೆಗೆ ಕಾಫಿ ಕಾಯಿಸಿಕೊಳ್ಳುವವನು ನಾನೇ.

ಅಂದು ಸಂಜೆ ಎಲ್ಲರಿಗೂ ಹೇಳಿದೆ. ಸೊಸೆ ನಗಲಿಲ್ಲ, ಬೈಯಲೂ ಇಲ್ಲ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ಮಧ್ಯಾಹ್ನಕ್ಕೆಂದು ಫ್ಲಾಸ್ಕಿನಲ್ಲಿ ಕಾಫಿ ಇಡುವೆನೆಂದಳು. ಗ್ಯಾಸ್ ಸೋರಿದರೆ ಕೂಗುವ ಅಲಾರಂ ತರಲು ಮಗ ಒಪ್ಪಿದ. ಮೂಗಿನ ಡಾಕ್ಟರನ್ನು ನೋಡಲು ಈ ವಾರ ಹೋಗುತ್ತಿದ್ದೇನೆ.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ, ಅಜ್ಜಿಯ ಜೊತೆ ಈ ಆಟ ಆಡಿ. ಮೂಗು ಹಿಡಿಯದೆಯೂ ಅವರು ಮಾವನ್ನು ಪರಂಗಿ ಎಂದರೆ ನಕ್ಕು ಬಿಟ್ಟುಬಿಡಬೇಡಿ, ಅಪ್ಪ ಅಮ್ಮನಿಗೆ ಹೇಳಿ. ನನ್ನ ವಯಸ್ಸಿನವರೇ, ನೀವೂ ಮುಚ್ಚಿಡಬೇಡಿ.